ವೀಣೆ ಮಾಡಿಸೋಕೆ ಹಳೇ ಮನೆಯ ಹಲಸಿನ ಮರ ಎಲ್ಲಿ ಸಿಗುತ್ತೆ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಮಗಳಿಗೆ ಒಂದು ಒಳ್ಳೇ ವೀಣೆ ಮಾಡಿಸ್ಬೇಕು ಅಂತ ದೊಡ್ಡಬಳ್ಳಾಪುರ ಹತ್ರದ ಸಿಂಪಾಡಿಪುರದ ಕಡೆ ವಿಚಾರಿಸ್ತಾ ಇದೀನಿ, ವೀಣೆ ಮಾಡೋರ ಊರು ಅದು. ಹಲಸು ಚೆನ್ನಾಗಿ ಬಲಿತು ಒಣಗಿದ್ದಾದ್ರೆ ನಾದಾನೇ ಬೇರೆ, ಹಳೇ ಮನೆ ಮರ ಸಿಕ್ರೆ ತಂದ್ಕೊಡಿ ಅಂದ್ರು ಒಬ್ರು. ಡಿಪೋಗಳಲ್ಲಿ ನಾನು ನೋಡಿದ್ದೆಲ್ಲಾ ಹಸಿ ಆರದ ಎಳೇ ಮರ. ನಮ್ ತೀರ್ಥಹಳ್ಳಿ, ಕೊಪ್ಪ ಕಡೆ ತೊಟ್ಟಿ ಮನೆ ಬಿಚ್ತಾನೇ ಇರ್ತಾರೆ, ಆದ್ರೆ ನಂಗೆ ಸುದ್ದಿ ಬರೋಷ್ಟ್ರಲ್ಲಿ ಕಂಬ ಎಲ್ಲಾ ಯಾವ್ದೋ ರೆಸಾರ್ಟಿಗೆ ಹೋಗಿರುತ್ತೆ, ಉಳಿದಿದ್ದು ಬಚ್ಚಲ ಒಲೆಗೆ. ಯಾರನ್ನ ಹಿಡೀಬೇಕು, ಏನು ನೋಡಿ ತಗೋಬೇಕು? ಬೀಟೆ ಸಿಕ್ರೆ ಇನ್ನೂ ಒಳ್ಳೇದಾ?

ಪುತ್ತೂರು ಮರಗೆಲಸ:
ಡಿಪೋ ಬಿಡಿ ಮಾರಾಯ್ರೆ, ಮನೆ ಬಿಚ್ಚುವ ಗುತ್ತಿಗೆಯವರನ್ನು ಹಿಡಿಯಿರಿ. ಇಡೀ ಮನೆಗೆ ಇಷ್ಟು ಅಂತ ಮಾತಾಡಿ ಹೆಂಚು, ಬಾಗಿಲು, ಮರ ಎಲ್ಲ ಬೇರೆ ಬೇರೆ ಮಾರುವವರು ಇದ್ದಾರೆ. ಊರಿನ ಆಚಾರಿಗಳಿಗೂ ಹೇಳಿಡಿ, ಯಾವ ಮನೆ ಬಿಚ್ಚುತ್ತಾರೆ ಅಂತ ಅವರಿಗೇ ಮೊದಲು ಗೊತ್ತಾಗುವುದು, ಮತ್ತೆ ಈ ಕೆಲಸ ನಡೆಯುವುದು ಹೆಚ್ಚಾಗಿ ಮಳೆಗಾಲಕ್ಕೆ ಮುಂಚೆ. ಕೆತ್ತನೆ ಕಂಬದ ಹಿಂದೆ ಹೋಗ್ಬೇಡಿ, ರೇಟೂ ಜಾಸ್ತಿ, ಕೊಯ್ಯಲಿಕ್ಕೆ ಮನಸ್ಸೂ ಬರುವುದಿಲ್ಲ. ಅಡ್ಡ, ಜಂತಿ, ಮುಚ್ಚಿಗೆ ಹಲಗೆ ಕೇಳಿ. ಅಡಿಗೆ ಕೋಣೆ ಅಟ್ಟದ್ದು ಸಿಕ್ಕಿದ್ರೆ ಬಿಡಬೇಡಿ, ಹೊಗೆ ಕುಡಿದು ಕಪ್ಪಾಗಿರ್ತದೆ, ಹುಳ ಮುಟ್ಟಿರುವುದು ಕಡಿಮೆ. ಉಳಿಯಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿ, ಹೊಸ ಹಲಸಿನ ಚೇಗು, ಅಂದ್ರೆ ಒಳಗಿನ ಗಟ್ಟಿ ಮರ, ಹಳದಿ, ಹಳತಾದ ಹಾಗೆ ಕೆಂಪು ಕಂದಿಗೆ ತಿರುಗ್ತದೆ. ಸಣ್ಣ ತೂತಿನಿಂದ ಹಿಟ್ಟಿನ ಹಾಗೆ ಪುಡಿ ಉದುರಿದ್ರೆ ಕುಟ್ಟೆ ಹಿಡಿದದ್ದು, ಬೇಡ. ಕೊಯ್ಯುವ ಮೊದಲು ಇಡೀ ಮರಕ್ಕೆ ಮ್ಯಾಗ್ನೆಟ್ ಆಡಿಸಿ, ತಲೆ ಮುರಿದ ಮೊಳೆ ಒಳಗೇ ಕೂತಿರ್ತದೆ, ಗರಗಸದ ಹಲ್ಲು ಹೋಗ್ತದೆ. ಹಳೇ ಪೈಂಟ್ ಇದ್ದರೆ ಒಣಗಿದ್ದನ್ನು ಉಜ್ಜಬೇಡಿ, ಸೀಸ ಇರಬಹುದು, ಮನೆಯಲ್ಲಿ ಮಕ್ಕಳಿದ್ದಾರೆ.

ನಾದಪ್ರಿಯ, ಮೈಸೂರು:
ವಾದ್ಯ ರಿಪೇರಿ ಮಾಡೋನು ನಾನು, ಒಂದೆರಡು ಮಾತು ಸೇರಿಸ್ತೀನಿ. ಜಂತಿಯಲ್ಲಿ ದಂಡಿ, ಅಂದ್ರೆ ವೀಣೆಯ ಉದ್ದನೆ ಕತ್ತಿನ ಭಾಗ ಆಗುತ್ತೆ, ಮುಚ್ಚಿಗೆ ಹಲಗೆಯಲ್ಲಿ ಬುರುಡೆಯ, ಅಂದ್ರೆ ನಾದ ತುಂಬೋ ದುಂಡನೆ ಕೊಡದ ಮೇಲ್ಹಲಗೆ ಆಗುತ್ತೆ, ಆದ್ರೆ ಬುರುಡೆಗೆ ಬೇಕಾದ ಅಗಲ ಮನೆ ಮರದಲ್ಲಿ ಸಿಗೋದು ಅಪರೂಪ. ಪೂರ್ತಿ ಒಂದೇ ಮರದ ಏಕಾಂಡ ವೀಣೆ ಆಸೆ ಇದ್ರೆ ಹಳೇ ಮನೆ ಮರ ನೆಚ್ಕೋಬೇಡಿ. ಇನ್ನೊಂದು, ನಡುತಿರುಳು (ಕಾಂಡದ ನಟ್ಟನಡುವಿನ ಮೆದು ಭಾಗ) ಇರೋ ತುಂಡು ದಂಡಿಗೆ ಬೇಡ, ಇವತ್ತಲ್ಲ ನಾಳೆ ಸೀಳುತ್ತೆ. ವರ್ಷಾನುಗಟ್ಲೆ ಭಾರ ಹೊತ್ತ ಜಂತಿ ಕೊಯ್ದ ತಕ್ಷಣ ಬಾಗೋದುಂಟು, ಬೇಕಾದ ಅಳತೆಗಿಂತ ದಪ್ಪ ಕೊಯ್ಸಿ, ಎರಡೂ ತುದಿಗೆ ಮೇಣ ಬಳಿದು, ನೆರಳಲ್ಲಿ ಕೆಲವು ತಿಂಗಳು ಬಿಡಿ. ತಂತಿ ಒತ್ತಿ ಸ್ವರ ನುಡಿಸೋ ವೀಣೆಯ 24 ಮೆಟ್ಟಿಲೂ ದಂಡಿ ಮೇಲಿನ ಮೇಣದಲ್ಲಿ ಕೂತಿರೋದು, ದಂಡಿ ಚೂರು ಬಾಗಿದ್ರೂ ಎಲ್ಲಾ ಮೆಟ್ಟಿಲು ಕಿತ್ತು ಮತ್ತೆ ಮೇಳ ಕಟ್ಟಬೇಕು, ಅಂದ್ರೆ ಸ್ವರಕ್ಕೆ ಸರಿಯಾಗಿ ಕೂರಿಸ್ಬೇಕು. ಮರ ಹಳೇದು ಅಂತ ಅವಸರ ಮಾಡ್ಬೇಡಿ ಸರ್, ಬಿಚ್ಚಿದ್ಮೇಲೆ ಮಳೇಲಿ ಬಿದ್ದಿದ್ರೆ ಅದೂ ನೀರು ಕುಡಿದಿರುತ್ತೆ.

ಕಾಡಂಚು:
ಬೀಟೆ ಯೋಚನೆ ಬಿಡಿ. ಹಳೇದೇ ಆದ್ರೂ ಮನೆಯವರಿಂದ ಬರಹದಲ್ಲಿ ರಶೀದಿ, ಬಿಚ್ಚೋ ಮುಂಚಿನ ಫೋಟೋ ಇಟ್ಕೊಂಡು, ಸಾಗಿಸೋ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ಕೇಳ್ಕೊಳಿ, ಹಲಸಾದ್ರೂ ಸರಿ. 2017ರಿಂದ ಬೀಟೆ ಜಾತಿಯ ಮರಗಳು ಸೈಟಿಸ್ (ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟೀಲೂ ಇವೆ, ಹೊರದೇಶಕ್ಕೆ ಮರ ಒಯ್ಯೋದಕ್ಕೆ ನಿಯಮ ಬಿಗಿ. ಇನ್ನೊಂದು ಮಾತು ಕಳಕಳಿಯಿಂದ ಹೇಳ್ತೀನಿ: ಗಟ್ಟಿಯಾಗಿ ನಿಂತಿರೋ ಮನೆಯವರಿಗೆ ದುಡ್ಡು ತೋರ್ಸಿ ಬಿಚ್ಚಿಸ್ಬೇಡಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದಾರೆ, ಒಂದ್ಸಲ ನೋಡ್ಬನ್ನಿ, ಒಂದು ಮನೇಲಿ ಎಷ್ಟು ಜನರ ಕೈಕೆಲಸ ಇದೆ ಅಂತ ಕಾಣುತ್ತೆ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ನಿಂತ ಮನೆ ಖಂಡಿತ ಮುಟ್ಟಲ್ಲ. ಕೊಪ್ಪದ ಹತ್ರ ಮಾಡು ಕುಸಿದ ಕೊಟ್ಟಿಗೆ ಒಂದು ಬಿಚ್ತಾರಂತೆ, ಭಾನುವಾರ ಮ್ಯಾಗ್ನೆಟ್ ಹಿಡ್ಕೊಂಡು ಹೋಗ್ತೀನಿ. ಬುರುಡೆಗೆ ಮಾತ್ರ ಏನ್ ಮಾಡ್ಲಿ?

ನಾದಪ್ರಿಯ, ಮೈಸೂರು:
ಅದನ್ನ ವೀಣೆ ಮಾಡೋರ ಹತ್ರಾನೇ ತಗೊಳಿ, ಒಣಗಿಸಿಟ್ಟ ದಿಮ್ಮಿ ಅವರಲ್ಲಿ ಇರುತ್ತೆ. ನಿಮ್ಮ ಜಂತಿ ತುಂಡನ್ನೂ ಜೊತೆಗೆ ಒಯ್ದು ತೋರ್ಸಿ, ಎರಡರ ತೂಕ, ಬಣ್ಣ ಹೊಂದುತ್ತಾ ಅಂತ ಅವರೇ ನೋಡಿ ಆರಿಸ್ಕೊಡ್ತಾರೆ.