ತೊಟ್ಟಿಮನೆ ಬಳಗ: ಚಿಕ್ಕಮ್ಮನ ಫಾರ್ವರ್ಡ್

ಚಿಕ್ಕಮ್ಮ ಶಿವಮೊಗ್ಗ: *ಅಮೆರಿಕದಲ್ಲಿರುವ ನಮ್ಮವರಿಗೆ ಶುಭ ಸುದ್ದಿ!!* 12 ವರ್ಷದೊಳಗಿನ ಮಗು ಇರುವ ತಾಯಂದಿರಿಗೆ ಜ್ಯೂರಿ ಡ್ಯೂಟಿ (ಕೋರ್ಟಲ್ಲಿ ಕೂತು ಕೇಸು ಕೇಳಿ ತೀರ್ಪು ಹೇಳಲು ಸಾಮಾನ್ಯ ಜನರನ್ನು ಕರೆಯುವುದು) ಇಲ್ಲ. ಸಮನ್ಸ್ ಬಂದರೆ ಹರಿದು ಹಾಕಿ. ನಿಮ್ಮ ಎಲ್ಲ ಗುಂಪಿಗೂ ಕಳಿಸಿ 🙏🙏

ಚಿಕ್ಕಮ್ಮ ಶಿವಮೊಗ್ಗ: ಮೊನ್ನೆ ಕೋರ್ಟಿಂದ ಕಾಗದ ಬಂತು ಅಂದಿದ್ದೆಯಲ್ಲ, ಇದನ್ನು ನೋಡಿ ನೀನೇ ನೆನಪಾದೆ.

ನಾನು: ಅಯ್ಯೋ ಚಿಕ್ಕಮ್ಮ, ಹರಿದು ಹಾಕಿದರೆ ದಂಡ ಬೀಳಬಹುದು. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಅಣ್ಣ ಡಲ್ಲಾಸ್: ಪೂರ್ತಿ ಸುಳ್ಳಲ್ಲ ಅದು. ನಮ್ಮ ಟೆಕ್ಸಸ್ ಕಾನೂನಿಗೆ ಯಾರೋ ಬಾಲ ಅಂಟಿಸಿದ್ದಾರೆ. 12 ವರ್ಷದೊಳಗಿನ ಮಗು ಇದ್ದು, ನಾವು ಕೋರ್ಟಿಗೆ ಹೋದರೆ ನೋಡಿಕೊಳ್ಳುವವರು ಇಲ್ಲದಿದ್ದರೆ ವಿನಾಯಿತಿ ಕೇಳಬಹುದು. ಅಪ್ಪನೂ ಕೇಳಬಹುದು, ತಾಯಿಗೆ ಮಾತ್ರ ಅಂತೇನಿಲ್ಲ. ಆದರೆ ಉತ್ತರ ಬರೆದು ಕಳಿಸಲೇಬೇಕು.

ನಾನು: ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಹಾಗೆ ವಯಸ್ಸಿನ ಗೆರೆ ಇಲ್ಲ.

ಮಾವ ಮೈಸೂರು: ಜ್ಯೂರಿ ಅಂದರೆ ನಾನಾವತಿ ಕೇಸು ತಾನೆ, ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದ ನೌಕಾಪಡೆ ಅಧಿಕಾರಿಯದು? 1959, ಬಾಂಬೆ. 9 ಜನರಲ್ಲಿ 8 ಜನ ತಪ್ಪಿತಸ್ಥನಲ್ಲ ಅಂದುಬಿಟ್ಟರು. ಅಲ್ಲಿಗೆ ನಮ್ಮ ದೇಶದಲ್ಲಿ ಜ್ಯೂರಿ ಮುಗಿಯಿತು.

ತಮ್ಮ (ವಕೀಲ): ಅದೇ ಕೊನೆಯದಲ್ಲ ಮಾವ. ಆಮೇಲೂ ಅಲ್ಲಲ್ಲಿ ನಡೆದವು. 1973ರ ಸಿಆರ್‌ಪಿಸಿಯಲ್ಲಿ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಪೂರ್ತಿ ಕೈಬಿಟ್ಟರು. ಪಾರ್ಸಿಗಳ ವಿಚ್ಛೇದನದ ಕೇಸಿಗೆ ಮಾತ್ರ 5 ಜನರನ್ನು ಕೂರಿಸುವ ಪದ್ಧತಿ ಕಾನೂನಿನಲ್ಲಿ ಉಳಿಯಿತು.

ಮಾವ ಮೈಸೂರು: ನಿನ್ನನ್ನು ಕೇಳಿದವರು ಯಾರು 😀

ಅಮ್ಮ: ಅವಳ ವಿಷಯ ಮಾತಾಡಿ. ಮನೆಯಿಂದ ಕೆಲಸ ಮಾಡುತ್ತೇನೆ, ಮಗು ಚಿಕ್ಕದು, ಬರುವುದಕ್ಕೆ ಆಗುವುದಿಲ್ಲ ಅಂತ ಬರಿ. ಅಷ್ಟೇ ಅಲ್ವಾ?

ನಾನು: ಅಮ್ಮ, "ಮನೆಯಿಂದ ಕೆಲಸ" ಅಂತ ಬರೆದರೆ ನನಗೇ ತಿರುಗುಬಾಣ. ಇಲ್ಲಿನ ನಿಯಮದ ಪ್ರಕಾರ ನಮಗೋ ಕಂಪನಿಗೋ ತೊಂದರೆ ಅನ್ನುವುದು ಬಿಡುಗಡೆಗೆ ಕಾರಣವೇ ಅಲ್ಲ. ಹೆಚ್ಚೆಂದರೆ ದಿನ ಮುಂದೂಡಲು ಕಾರಣ. ಮಗುವಿನ ವಿಷಯ ಬೇರೆ. ಅದಕ್ಕೆ ನಾನೇ ಬೇಕು, ನನ್ನ ಬದಲಿಗೆ ನೋಡಿಕೊಳ್ಳುವವರು ಸಿಗುವುದಿಲ್ಲ, ಸಿಕ್ಕರೂ ಆ ಖರ್ಚು ತಡೆಯುವಷ್ಟಿಲ್ಲ ಅಂತ ತೋರಿಸಿದರೆ ಬಿಡಬಹುದು.

ಅಣ್ಣ ಡಲ್ಲಾಸ್: ದಿನಾ ಕೆಲಸ ಮಾಡುತ್ತೀಯ, ಆಗ ಪುಟ್ಟನನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿದರೆ?

ನಾನು: ನಾನೇ! ಬೆಳಿಗ್ಗೆ ಅವನು ಡೇಕೇರಿನಲ್ಲಿ. 12:30ಕ್ಕೆ ಕರೆದುಕೊಂಡು ಬರುತ್ತೇನೆ. ಆಮೇಲಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್, ಒಂದು ಕೈ ಮ್ಯೂಟ್ ಮೇಲೆ, ಇನ್ನೊಂದು ಕೈಯಲ್ಲಿ ಮೊಸರನ್ನದ ಚಮಚ. ನಿನ್ನೆ ಮೇಜಿನ ಕೆಳಗೆ ಕೂತು ನನ್ನ ಚಾರ್ಜರ್ ವೈರಿಗೆ ಮೊಸರು ತಿನ್ನಿಸಿದ್ದಾನೆ. ಉಳಿದ ಕೆಲಸ ಅವನು ಮಲಗಿದ ಮೇಲೆ, ರಾತ್ರಿ 8ರಿಂದ 11. ಆಫೀಸಿನವರ ಲೆಕ್ಕದಲ್ಲಿ ನಾನು ಕೆಲಸದಲ್ಲಿದ್ದೇನೆ, ಊರಿನವರ ಲೆಕ್ಕದಲ್ಲಿ ಮನೆಯಲ್ಲಿದ್ದೇನೆ. ಈ ಎರಡರ ನಡುವಿನ ಮಧ್ಯಾಹ್ನಕ್ಕೆ ಫಾರಂನಲ್ಲಿ ಜಾಗ ಇಲ್ಲ. ಇವರದು ಲ್ಯಾಬ್ ಶಿಫ್ಟು, ಬೆಳಿಗ್ಗೆ 6ಕ್ಕೆ ಹೋದರೆ ಸಂಜೆಯೇ.

ಅತ್ತಿಗೆ: ಹಾಲು ಕುಡಿಸುತ್ತೇನೆ ಅಂತ ಬರೆದುಬಿಡು. ಅದಕ್ಕೆ ಒಂದು ವರ್ಷದವರೆಗೂ ಮುಂದೂಡುತ್ತಾರಂತೆ.

ನಾನು: ಮುಂದೂಡುವುದು ನಿಜ ಅತ್ತಿಗೆ. ಆದರೆ ಪುಟ್ಟ ಈಗ ದೋಸೆಗೆ ಚಟ್ನಿ ಖಾರ ಆಯಿತು ಅಂತ ಜಗಳ ಮಾಡುವ ವಯಸ್ಸಿನವನು. ಸುಳ್ಳಲ್ಲ ಅಂತ ಪ್ರಮಾಣ ಮಾಡಿ ಕೆಳಗೆ ಸಹಿ ಹಾಕಬೇಕು.

ಅಣ್ಣ ಡಲ್ಲಾಸ್: ಬೇಜಾರಾಗಬೇಡ. ಸಿಟಿಜನ್ ಆದ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚಿದವಳು ನೀನು. ವೋಟು ಬೇಕು, ಜ್ಯೂರಿ ಬೇಡ ಅಂದರೆ ಹೇಗೆ? ನಾನು ಎರಡು ಸಲ ಹೋಗಿ ಬಂದಿದ್ದೇನೆ.

ನಾನು: ನೀನು ಹೋದಾಗ ಮಕ್ಕಳನ್ನು ಸ್ಕೂಲಿಂದ ಕರೆತಂದವರು ಯಾರು?

ಅತ್ತಿಗೆ: 🙋‍♀️ ನಂದು ಇನ್ನೂ ಗ್ರೀನ್ ಕಾರ್ಡು. ಜ್ಯೂರಿಗೆ ಕೂರುವ ಹಾಗಿಲ್ಲ, ಪಿಕಪ್‌ಗೆ ಮಾತ್ರ ಕಾಯಂ.

ಅಣ್ಣ ಡಲ್ಲಾಸ್: ಸರಿ ಸರಿ, ಒಪ್ಪಿದೆ.

ನಾನು: ನನಗೂ ಹೋಗಬೇಕು ಅಂತಲೇ ಇದೆ. ಹಿಂದಿನ ರಾತ್ರಿ ನಮ್ಮ ಜ್ಯೂರಿ ಗುಂಪಿನ ನಂಬರನ್ನು ಕೋರ್ಟಿನವರು ಕರೆದಿದ್ದಾರಾ ಅಂತ ನೋಡಬೇಕು, ಕರೆದರೆ ಹೋಗಬೇಕು. ಒಂದು ದಿನದಲ್ಲಿ ಯಾವ ಕೇಸಿಗೂ ಆರಿಸದಿದ್ದರೆ ಅಲ್ಲಿಗೆ ಮುಗಿಯಿತು. ಆರಿಸಿದರೆ ಕೇಸು ಮುಗಿಯುವವರೆಗೆ. ಅದೇ ಭಯ. ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಆ ದುಡ್ಡಿಗೆ ಇಲ್ಲಿ ಒಂದು ಗಂಟೆಗೂ ಬೇಬಿಸಿಟ್ಟರ್ ಬರುವುದಿಲ್ಲ.

ಮಾವ ಮೈಸೂರು: ಕಂಪನಿಯವರು ರಜೆ ಕೊಡದಿದ್ದರೆ?

ನಾನು: ಕೆಲಸದಿಂದ ತೆಗೆಯುವ ಹಾಗಿಲ್ಲ ಮಾವ. ಸಂಬಳ ಕೊಡುವುದು ಅವರವರ ಪಾಲಿಸಿ.

ತಮ್ಮ (ವಕೀಲ): ಅಕ್ಕ, ಬಿಡುಗಡೆ ಕೇಳಬೇಡ. ಮುಂದೂಡಲು ಕೇಳು. ದೊಡ್ಡಮ್ಮ ಅಲ್ಲಿಗೆ ಬರುವುದಿತ್ತಲ್ಲ?

ನಾನು: ಅದನ್ನೇ ಯೋಚಿಸುತ್ತಿದ್ದೆ. ಅಮ್ಮ, ನಿನ್ನ ಟಿಕೆಟ್ ಯಾವಾಗ?

ಅಮ್ಮ: ಟಿಕೆಟ್ ಎಲ್ಲಿ ಆಯಿತು? ನಿಮ್ಮಪ್ಪ ಇವತ್ತು ನಾಳೆ ಅನ್ನುತ್ತಿದ್ದಾರೆ. ದೀಪಾವಳಿ ಇಲ್ಲಿ ಮುಗಿಸಿ ನವೆಂಬರ್ ಕೊನೆಗೆ ಬರಲಾ?

ನಾನು: ಡಿಸೆಂಬರ್ ಮೊದಲ ವಾರ ಸಿಗುತ್ತದಾ ಅಂತ ಕೇಳುತ್ತೇನೆ. ಅಪ್ಪನಿಗೆ ಇವತ್ತೇ ಬುಕ್ ಮಾಡಲು ಹೇಳು. ನಾನು ಕೋರ್ಟಲ್ಲಿ ಕೂತಿರುವಾಗ ನೀನು ಏರ್‌ಪೋರ್ಟಲ್ಲಿ ಇಳಿಯಬಾರದು.

ಅಮ್ಮ: ಬಂದ ಮಾರನೇ ದಿನವೇ ಡ್ಯೂಟಿಗೆ ಹಾಕಬೇಡ. ನನಗೆ ಜೆಟ್ ಲ್ಯಾಗ್ ಜಾಸ್ತಿ.

ಅಣ್ಣ ಡಲ್ಲಾಸ್: ಅಮ್ಮನಿಗೂ ಸಮನ್ಸ್ ಬಂತು 😂

ಚಿಕ್ಕಮ್ಮ ಶಿವಮೊಗ್ಗ: ಹಾಗಾದರೆ ನನ್ನ ಫಾರ್ವರ್ಡ್ ಅಳಿಸಲಾ? ಒತ್ತಿದರೆ ನನಗೆ ಮಾತ್ರ ಡಿಲೀಟ್ ಅಂತ ತೋರಿಸುತ್ತಿದೆ. ಭಜನೆ ಗುಂಪಿಗೂ ಹಾಕಿಬಿಟ್ಟಿದ್ದೇನಲ್ಲ.