‘ಫಾಲ್ಸ್ ಪಾಸಿಟಿವ್’ಗೆ ‘ಸುಳ್ಳು’ ಅನ್ನೋದು ಸರಿಯೇ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಕೆಲವರು ಸೇರಿ, ಅಡ್ರಿನಲ್ ಗಡ್ಡೆ ಇರುವವರ ಮನೆಯವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇವೆ. ಇಲ್ಲದ ಗಡ್ಡೆ ಸ್ಕ್ಯಾನ್‌ನಲ್ಲಿ ಇದ್ದಂತೆ ಕಾಣುವುದಕ್ಕೆ ‘ಫಾಲ್ಸ್ ಪಾಸಿಟಿವ್’ ಅನ್ನುತ್ತಾರೆ. ಈ ಪದವನ್ನು ಕನ್ನಡದಲ್ಲಿ ಹೇಳಲು ನಿಮ್ಮ ಸಹಾಯ ಬೇಕು.

ಅಡ್ರಿನಲ್ ಅಂದರೆ ಕಿಡ್ನಿಯ ಮೇಲಿರುವ ಸಣ್ಣ ಗ್ರಂಥಿ. ಅಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ ಬೆಳೆದರೆ ಬಿಪಿ ಇದ್ದಕ್ಕಿದ್ದಂತೆ ಏರಬಹುದು. ತಲೆನೋವು, ಬೆವರು, ಎದೆ ಡವಡವ ಬೇರೆ. ಇದನ್ನು ಹುಡುಕಲು ಎಂಐಬಿಜಿ ಸ್ಕ್ಯಾನ್ ಮಾಡುತ್ತಾರೆ. ವಿಕಿರಣ ಸೂಸುವ ಅಯೋಡಿನ್ ಸೇರಿಸಿದ ಎಂಐಬಿಜಿ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ನಾರ್‌ಅಡ್ರಿನಲಿನ್‌ ಎಂಬ ಅಡ್ರಿನಲ್ ಹಾರ್ಮೋನಿನ ಹಾಗೇ ಇರುವುದರಿಂದ ಗಡ್ಡೆ ಹೀರಿಕೊಳ್ಳುತ್ತದೆ, ಚಿತ್ರದಲ್ಲಿ ಎದ್ದು ಕಾಣುತ್ತದೆ.

ತೊಡಕು ಇರೋದೇ ಇಲ್ಲಿ. ಚೆನ್ನಾಗಿರುವ ಅಡ್ರಿನಲ್ ಕೂಡ ಆ ಮದ್ದನ್ನು ಹೀರುತ್ತದೆ. ಆ ಅಯೋಡಿನ್‌ನಲ್ಲೇ ಅಯೋಡಿನ್-123 ಎಂಬ ಬಗೆ ಬಳಸಿದರೆ ಅದು ಇನ್ನೂ ಜಾಸ್ತಿ ಕಾಣುತ್ತದೆ. ಸಕ್ಕರೆಯಂಥ ಮದ್ದು ಕೊಟ್ಟು ತೆಗೆಯುವ ಎಫ್‌ಡಿಜಿ ಪೆಟ್ ಸ್ಕ್ಯಾನ್‌ನಲ್ಲಿ ಅಡ್ರಿನಲ್‌ಗೆ ತಗುಲಿದ ಟಿಬಿಯೂ ಕ್ಯಾನ್ಸರಿನಂತೆ ಹೊಳೆಯಬಹುದು. ಉಲ್ಟಾನೂ ಆಗುತ್ತದೆ. ಲ್ಯಾಬೆಟಲಾಲ್ ಎಂಬ ಬಿಪಿ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಎಂಐಬಿಜಿ ಮದ್ದು ಗಡ್ಡೆಯೊಳಗೆ ಹೋಗದಂತೆ ತಡೆಯುತ್ತವೆ. ಆಗ ಇರುವ ಗಡ್ಡೆಯೂ ಕಾಣದೆ ಹೋಗಬಹುದು. ಅದಕ್ಕೇ ಸ್ಕ್ಯಾನ್‌ಗೆ ಮೊದಲು ರಕ್ತ ಅಥವಾ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲ್ ಹಾರ್ಮೋನು ಒಡೆದಾಗ ಬರುವ ವಸ್ತು) ಎಷ್ಟಿದೆ ಅಂತ ನೋಡುತ್ತಾರೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳಲೇಬೇಕು. ಆದರೆ ತಾವಾಗಿಯೇ ನಿಲ್ಲಿಸಬಾರದು. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೇ ಹಾಕುತ್ತೇವೆ.

ಈಗ ಪದಕ್ಕೆ ಬರೋಣ. ಇಲ್ಲದ ಗಡ್ಡೆ ಇದ್ದಂತೆ ಕಂಡರೆ ‘ಸುಳ್ಳು ಪಾಸಿಟಿವ್’ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ‘ರಿಪೋರ್ಟ್ ಸುಳ್ಳು’ ಅಂದರೆ ಯಾರೋ ಮೋಸ ಮಾಡಿದ್ದಾರೆ ಅಂತಲೇ ಅರ್ಥ. ಮೊದಲೇ ಹೆದರಿರುವ ಮನೆಯವರಿಗೆ ಆಸ್ಪತ್ರೆ ಮೇಲೇ ಅನುಮಾನ ಬಂದುಬಿಡುತ್ತದೆ. ‘ಮಿಥ್ಯಾ ಧನಾತ್ಮಕ’ ಓದಿದವರಿಗೂ ಅರ್ಥವಾಗೋದು ಕಷ್ಟ.

ನನ್ನ ಒಲವು ‘ಹುಸಿ’ ಕಡೆಗೆ. ಹುಸಿಕೋಪ, ಹುಸಿ ಬಾಂಬ್ ಕರೆ ಇವೆಲ್ಲ ಬೇಕಂತಲೇ ಮಾಡುವಂಥವು, ನಿಜ. ಆದರೆ ‘ನಿರೀಕ್ಷೆ ಹುಸಿಯಾಯಿತು’ ಅನ್ನುವಾಗ ಯಾರ ಮೋಸವೂ ಇಲ್ಲ, ಅಲ್ವಾ? ಹಾಗಾಗಿ ‘ಹುಸಿ ಸುಳಿವು’ ಅಂತ ಬರೆದಿದ್ದೇನೆ. ಇದ್ದೂ ಕಾಣದ್ದಕ್ಕೆ ಮಾತ್ರ ಇನ್ನೂ ಒಳ್ಳೆಯ ಪದ ಹೊಳೆದಿಲ್ಲ. ‘ಕಣ್ತಪ್ಪಿದ ಗಡ್ಡೆ’ ಅಂದರೆ ನೋಡಿದ ಡಾಕ್ಟರದ್ದೇ ತಪ್ಪು ಅನಿಸುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಆಡುಮಾತಿನಲ್ಲಿ ಇದಕ್ಕೆ ಹೊಂದುವ ಪದ ಇದ್ದರೆ ದಯವಿಟ್ಟು ತಿಳಿಸಿ.