ನೇಮ್‌ಸ್ಪೇಸ್‌ಗೆ ‘ಮನೆತನ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕೋಡ್ ಬರೆದು ಕನ್ನಡ ಇ-ಪುಸ್ತಕ ತಯಾರಿಸುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮಾಹಿತಿಯನ್ನು ಟ್ಯಾಗ್‌ಗಳಲ್ಲಿ ಗುರುತಿಸಿ ಬರೆಯುವ ಎಕ್ಸ್‌ಎಂಎಲ್‌ನ ನೇಮ್‌ಸ್ಪೇಸ್ ಹತ್ತಿರ ಬಂದು ನಿಂತಿದ್ದೇನೆ. ಒಂದು ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಹೇಳುವುದೇ ನೇಮ್‌ಸ್ಪೇಸ್. ‘ನಾಮಾವಕಾಶ’ ಅಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಸದ್ಯಕ್ಕೆ ‘ಮನೆತನ’ ಅಂತ ಬರೆದಿಟ್ಟಿದ್ದೇನೆ.

ಇಪಬ್ ಅನ್ನುವ ಇ-ಪುಸ್ತಕ ರೂಪದೊಳಗೆ ‘ಟೈಟಲ್’ ಅನ್ನುವ ಎಲಿಮೆಂಟ್ (ಟ್ಯಾಗ್ ಹಾಕಿ ಗುರುತಿಸಿದ ಭಾಗ) ಎರಡು ಕಡೆ ಬರುತ್ತದೆ. ಪುಟದ ಟೈಟಲ್, ಪುಟಗಳನ್ನು ಬರೆಯುವ ಎಕ್ಸ್‌ಎಚ್‌ಟಿಎಂಎಲ್‌ಗೆ ಸೇರಿದ್ದು. ಪುಸ್ತಕದ ಟೈಟಲ್, ಪುಸ್ತಕದ ವಿವರ ಹೇಳುವ ಪದಗಳ ಗುಂಪಾದ ಡಬ್ಲಿನ್ ಕೋರ್‌ಗೆ ಸೇರಿದ್ದು. ಒಂದೇ ಊರಲ್ಲಿ ಇಬ್ಬರು ಬಸವರಾಜರು ಇದ್ದ ಹಾಗೆ. ಯಾವ ಮನೆತನ ಅಂತ ಕೇಳಿದರೆ ಗೊತ್ತಾಗುತ್ತದೆ. ಡಬ್ಲಿನ್ ಕೋರ್‌ನ ಟೈಟಲ್ ಹೆಸರಿನ ಮುಂದೆ ಅಂಟಿಸುವ ‘ಡಿಸಿ’ ಎಂಬ ಪ್ರಿಫಿಕ್ಸ್‌ಗೆ ‘ಇನಿಷಿಯಲ್’ ಅನ್ನುವುದೇ ನನಗೆ ಇಷ್ಟ. ನಮ್ಮ ಹೆಸರಿನ ಮುಂದಿನ ‘ಎಚ್’ ಹಾಸನವೂ ಆಗಬಹುದು, ಹೊಳೆನರಸೀಪುರವೂ ಆಗಬಹುದು. ಇಲ್ಲೂ ಅಷ್ಟೇ, ಅಕ್ಷರ ಮುಖ್ಯವಲ್ಲ, ಅದು ಯಾವುದನ್ನು ಸೂಚಿಸುತ್ತದೆ ಅನ್ನುವುದು ಮುಖ್ಯ. ‘ಡಿಸಿ’ ಬದಲು ಬೇರೆ ಅಕ್ಷರ ಇಟ್ಟರೂ ಯುಆರ್‌ಐ (ನೇಮ್‌ಸ್ಪೇಸನ್ನು ಗುರುತಿಸುವ, ವೆಬ್ ವಿಳಾಸದಂಥ ಹೆಸರು) ಅದೇ ಆಗಿದ್ದರೆ ಎಲಿಮೆಂಟೂ ಅದೇ.

ತೊಡಕು ಶುರುವಾಗುವುದು ಕೋಡ್‌ನಲ್ಲಿ. ಮನೆತನ ಅಂದರೆ ಮಕ್ಕಳಿಗೆ ತಾನಾಗಿ ಬರುತ್ತದೆ, ಅಲ್ವಾ? ಕೈಯಲ್ಲಿ ಬರೆದ ಫೈಲಿನಲ್ಲಿ ಹಾಗೇ ಆಗುತ್ತದೆ. ಹೊರಗಿನ ಎಲಿಮೆಂಟಿನಲ್ಲಿ ಒಂದು ಸಲ ನೇಮ್‌ಸ್ಪೇಸ್ ಹೇಳುವ ‘ಎಕ್ಸ್‌ಎಂಎಲ್‌ಎನ್‌ಎಸ್’ ಬರೆದರೆ ಸಾಕು, ಪ್ರಿಫಿಕ್ಸ್ ಇಲ್ಲದ ಒಳಗಿನ ಎಲಿಮೆಂಟ್‌ಗಳೆಲ್ಲ ಅದಕ್ಕೇ ಸೇರುತ್ತವೆ. ಆದರೆ ಕೋಡ್‌ನಲ್ಲಿ ಎಲಿಮೆಂಟ್ ಹುಟ್ಟಿಸುವ ‘ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್’ ಬಳಸುವಾಗ ಹುಟ್ಟುವ ಒಂದೊಂದು ಎಲಿಮೆಂಟಿಗೂ ಯುಆರ್‌ಐ ಕೊಡಲೇಬೇಕು. ನನ್ನ ಕರಡು ಓದಿದ ಗೆಳತಿ ‘ಮನೆತನ’ ಅನ್ನುವ ಪದ ನಂಬಿ, ಹೊರಗಿನ ‘ಪ್ಯಾಕೇಜ್’ ಎಲಿಮೆಂಟಿಗೆ ಮಾತ್ರ ಯುಆರ್‌ಐ ಕೊಟ್ಟಳು. ಅದರ ಒಳಗಿನ ಮೆಟಾಡೇಟಾ, ಮ್ಯಾನಿಫೆಸ್ಟ್, ಸ್ಪೈನ್ ಮೂರರಲ್ಲೂ ಖಾಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಬಂದು ಕೂತಿತು, ಅಂದರೆ ಅವು ಯಾವ ನೇಮ್‌ಸ್ಪೇಸಿಗೂ ಸೇರಲಿಲ್ಲ. ಅರ್ಧ ದಿನ ಹುಡುಕಿದಳು. ತಪ್ಪು ಅವಳದ್ದಲ್ಲ, ನನ್ನ ಪದದ್ದು.

ಆಟ್ರಿಬ್ಯೂಟ್ (ಎಲಿಮೆಂಟಿಗೆ ಅಂಟಿಸುವ ವಿವರ) ಬಂದರೆ ‘ಮನೆತನ’ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಎಲಿಮೆಂಟ್ ಯಾವ ನೇಮ್‌ಸ್ಪೇಸಿನದ್ದೇ ಇರಲಿ, ಪ್ರಿಫಿಕ್ಸ್ ಇಲ್ಲದ ಆಟ್ರಿಬ್ಯೂಟ್ ಯಾವುದಕ್ಕೂ ಸೇರುವುದಿಲ್ಲ. ಭಾಷೆ ಕನ್ನಡ ಅಂತ ಹೇಳುವ ‘ಎಕ್ಸ್‌ಎಂಎಲ್:ಲ್ಯಾಂಗ್’ನಂಥ ಪ್ರಿಫಿಕ್ಸ್ ಇರುವ ಆಟ್ರಿಬ್ಯೂಟ್‌ಗೆ ಮಾತ್ರ, ನೇಮ್‌ಸ್ಪೇಸ್ ಕೊಟ್ಟು ಆಟ್ರಿಬ್ಯೂಟ್ ಸೇರಿಸುವ ‘ಸೆಟ್‌ಆಟ್ರಿಬ್ಯೂಟ್‌ಎನ್‌ಎಸ್’ ಬೇಕು. ಬರೀ ‘ಐಡಿ’ಗೆ ಬೇಡ.

ನನಗೆ ಬೇಕಾದ ಪದದಲ್ಲಿ ಸೇರಿದ್ದು ಅನ್ನುವ ಅರ್ಥ ಇರಬೇಕು, ಹುಟ್ಟಿನಿಂದ ಬಂದದ್ದು ಅನ್ನುವ ಅರ್ಥ ಇರಬಾರದು. ಉತ್ತರ ಕರ್ನಾಟಕದ ‘ಅಡ್ಡಹೆಸರು’ (ಮನೆತನದ ಹೆಸರು) ಕೂಡ ಇದೇ ಕಾರಣಕ್ಕೆ ಆಗುವುದಿಲ್ಲ. ‘ಹೆಸರುನೆಲೆ’ ಅಂತ ಒಂದು ಹೊಳೆದಿದೆ. ಎಲ್ಲಿ ನೆಲೆ ಅಂತ ಪ್ರತಿಯೊಬ್ಬರನ್ನೂ ಕೇಳಬೇಕಾಗುತ್ತದೆ, ಅದೇ ನನಗೆ ಹಿಡಿಸಿದ್ದು. ನಿಮ್ಮ ಕಿವಿಗೆ ಇದು ಹೇಗೆ ಕೇಳುತ್ತದೆ? ಕೋಡ್ ಬರೆಯುವವರು ಇದಕ್ಕೆ ಕನ್ನಡದಲ್ಲಿ ಬೇರೆ ಏನಾದರೂ ಅನ್ನುವುದಿದ್ದರೆ ದಯವಿಟ್ಟು ತಿಳಿಸಿ.